ಮೈನ್‌ಕ್ರಾಫ್ಟಿನಲ್ಲಿ ತೊಟ್ಟಿ ಮನೆ: ಮಾಡಿನ ಲೆಕ್ಕ ಮೊದಲು, ಗೋಡೆ ಆಮೇಲೆ

ಮೈನ್‌ಕ್ರಾಫ್ಟಿನಲ್ಲಿ ಗೋಡೆ ಎಷ್ಟು ಉದ್ದಕ್ಕೆ ಕಟ್ಟಿದರೂ ನಿಲ್ಲುತ್ತದೆ. ತಕರಾರು ಶುರುವಾಗುವುದು ಮಾಡಿಗೆ ಕೈ ಹಾಕಿದಾಗ. ಎರಡು ಕಡೆಯಿಂದ ಏರಿಸಿಕೊಂಡು ಬಂದ ಸ್ಟೇರ್ ಬ್ಲಾಕುಗಳು ನೆತ್ತಿಯಲ್ಲಿ ಕೂಡುವುದಿಲ್ಲ, ಮೂಲೆಯಲ್ಲಿ ಒಂದು ಬ್ಲಾಕಿನ ಸಂದು ಉಳಿಯುತ್ತದೆ, ಬಾಗಿಲು ನಡುವಿಗೆ ಬರುವುದಿಲ್ಲ. ಗೋಡೆಯ ಅಳತೆಯನ್ನು ಮೊದಲು ತೀರ್ಮಾನಿಸಿ, ಮಾಡನ್ನು ಅದಕ್ಕೆ ಹೊಂದಿಸಲು ಹೋಗುವುದೇ ಇದಕ್ಕೆಲ್ಲ ಕಾರಣ. ಸಾದಾ ಮನೆಯಲ್ಲಾದರೆ ಹೇಗೋ ತೇಪೆ ಹಾಕಬಹುದು. ತೊಟ್ಟಿ ಮನೆಯ ಮಾಡು ಹೊರಕ್ಕೂ ಇಳಿಯುತ್ತದೆ, ಒಳಕ್ಕೂ ಇಳಿಯುತ್ತದೆ; ಅಲ್ಲಿ ತೇಪೆಗೆ ಜಾಗವೇ ಇಲ್ಲ.

ಈ ಬರಹದಲ್ಲಿರುವುದು ಸರ್ವೈವಲ್ ಮೋಡಿನಲ್ಲಿ 15×15 ಅಳತೆಯ ತೊಟ್ಟಿ ಮನೆ ಕಟ್ಟುವ ಕ್ರಮ. ಜಾವಾ, ಬೆಡ್‌ರಾಕ್ ಎಂಬ ಎರಡೂ ಬಗೆಯ ಆಟಕ್ಕೂ ಹೊಂದುತ್ತದೆ, ಆಟ 1.18 ಅಥವಾ ಅದಕ್ಕಿಂತ ಹೊಸದಾಗಿರಬೇಕು, ಏಕೆಂದರೆ ಬೆಳಕಿನ ಲೆಕ್ಕ ಆ ಆವೃತ್ತಿಯಲ್ಲಿ ಬದಲಾಗಿದೆ. ಕ್ರಾಫ್ಟಿಂಗ್ ಟೇಬಲ್, ಫರ್ನೇಸ್, ಕಬ್ಬಿಣದ ಗುದ್ದಲಿ (ಪಿಕ್‌ಆ್ಯಕ್ಸ್) ಇಷ್ಟು ಇದ್ದವರು ಶುರು ಮಾಡಬಹುದು.

ಅಳತೆ

ಮಾಡಿನ ಅಡ್ಡಗಲದಿಂದ ಆರಂಭಿಸೋಣ. ಹೊರಗೆ ಮೂರು ಸಾಲು ಸ್ಟೇರ್ ಏರಬೇಕು, ನೆತ್ತಿಗೆ ಒಂದು ಸಾಲು, ಒಳಗೆ ಮೂರು ಸಾಲು ಇಳಿಯಬೇಕು. ಒಟ್ಟು 7. ಇದರಲ್ಲಿ ಎರಡೂ ತುದಿಯ ಒಂದೊಂದು ಸಾಲು ಸೂರಾಗಿ ಗೋಡೆಯಿಂದಾಚೆ ಚಾಚುತ್ತದೆ. ಉಳಿದದ್ದು 5: ಹೊರಗೋಡೆ 1, ಓಡಾಡುವ ಜಾಗ 3, ತೊಟ್ಟಿಯ ಸುತ್ತಲಿನ ಕಂಬಸಾಲು 1. ಈ 5 ಬೆಸವಾಗಿಯೇ ಇರಬೇಕು. 4 ಅಥವಾ 6 ಮಾಡಿದರೆ ನೆತ್ತಿಯಲ್ಲಿ ಎರಡು ಸ್ಟೇರ್ ಬೆನ್ನಿಗೆ ಬೆನ್ನು ತಾಗಿ ನಿಲ್ಲುತ್ತವೆ, ಇಲ್ಲವೇ ನೆತ್ತಿ ಎರಡು ಬ್ಲಾಕ್ ಅಗಲವಾಗಿ ಚಪ್ಪಟೆಯಾಗುತ್ತದೆ.

ಎರಡು ಬದಿಗೆ 5+5, ನಡುವೆ 5×5 ತೊಟ್ಟಿ: 15. ಸೂರು ಸೇರಿದರೆ ಹೊರಗಿನ ಅಳತೆ 17×17. ಒಳಸೂರು ತೊಟ್ಟಿಯ ಮೇಲೆ ಸುತ್ತಲೂ ಒಂದೊಂದು ಬ್ಲಾಕ್ ಚಾಚುವುದರಿಂದ ಆಕಾಶಕ್ಕೆ ತೆರೆದ ಕಿಂಡಿ 3×3 ಉಳಿಯುತ್ತದೆ. ಮನೆಯನ್ನು 13×13ಕ್ಕೆ ಇಳಿಸಿದರೆ ತೊಟ್ಟಿ 3×3 ಆಗಿ, ಕಿಂಡಿ ಒಂದೇ ಬ್ಲಾಕಿನದಾಗುತ್ತದೆ. ಅದು ತೊಟ್ಟಿಯಲ್ಲ, ಬೆಳಕಿಂಡಿ.

ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಚೌಕಾಕಾರದ ಪ್ರತಿ ಸಾಲನ್ನೂ ‘ಸುತ್ತು’ ಎಂದು ಕರೆಯೋಣ. n ಬ್ಲಾಕ್ ಬದಿಯ ಸುತ್ತಿಗೆ ಬೇಕಾಗುವುದು 4n−4 ಬ್ಲಾಕ್. ಮೂಲೆಯ ಬ್ಲಾಕನ್ನು ಎರಡು ಬದಿಗೂ ಎಣಿಸಿ 15×4=60 ಎಂದು ತಂದಿಟ್ಟುಕೊಳ್ಳುವವರು ಬಹಳ; ಸರಿಯಾದ ಸಂಖ್ಯೆ 56. ಎತ್ತರಕ್ಕೆ ಗಾರೆಯವರ ಮಾತನ್ನೇ ಬಳಸಿ ‘ವರಸೆ’ ಎನ್ನೋಣ: ನೆಲಗಟ್ಟಿನ ಮೇಲಿನ ಮೊದಲ ಬ್ಲಾಕ್ 1ನೇ ವರಸೆ. ಗೋಡೆ 4 ವರಸೆ ಏಳುತ್ತದೆ. ಮಾಡು ಹೀಗೆ ಬರುತ್ತದೆ:

17ರ ಸುತ್ತು (ಹೊರಸೂರು), 4ನೇ ವರಸೆ: 64 ಸ್ಟೇರ್
15ರ ಸುತ್ತು (ಗೋಡೆಯ ತಲೆ), 5ನೇ ವರಸೆ: 56 ಸ್ಟೇರ್
13ರ ಸುತ್ತು, 6ನೇ ವರಸೆ: 48 ಸ್ಟೇರ್
11ರ ಸುತ್ತು (ನೆತ್ತಿ), 7ನೇ ವರಸೆ: 40 ಸ್ಲ್ಯಾಬ್ (ಅರ್ಧ ಎತ್ತರದ ಬ್ಲಾಕ್)
9ರ ಸುತ್ತು, 6ನೇ ವರಸೆ: 32 ಸ್ಟೇರ್
7ರ ಸುತ್ತು (ಕಂಬಸಾಲಿನ ತಲೆ), 5ನೇ ವರಸೆ: 24 ಸ್ಟೇರ್
5ರ ಸುತ್ತು (ಒಳಸೂರು), 4ನೇ ವರಸೆ: 16 ಸ್ಟೇರ್

ಒಟ್ಟು 240 ಸ್ಟೇರ್, 40 ಸ್ಲ್ಯಾಬ್. ಈ ಪಟ್ಟಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮುಂದೆ ಮಾಡುವ ಪ್ರತಿ ಕೆಲಸಕ್ಕೂ ಇದೇ ಆಧಾರ.

ಸಾಮಾನು: ಹೆಚ್ಚಿನ ಹೊತ್ತು ತಿನ್ನುವುದು ಹಂಚು

ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡುಗಳ ಮಾಡಿನ ಬಣ್ಣ ಯಾವುದೆಂದು ಹೇಳಬೇಕಾಗಿಲ್ಲ. ಮೈನ್‌ಕ್ರಾಫ್ಟಿನಲ್ಲಿ ಆ ಬಣ್ಣಕ್ಕೆ ಹತ್ತಿರ ಬರುವುದು ಟೆರಾಕೋಟಾ. ಆದರೆ ಟೆರಾಕೋಟಾದಲ್ಲಿ ಸ್ಟೇರ್ ಆಗಲಿ ಸ್ಲ್ಯಾಬ್ ಆಗಲಿ ಇಲ್ಲ, ಪೂರ್ತಿ ಬ್ಲಾಕ್ ಮಾತ್ರ. ಹಾಗಾಗಿ ಮಾಡಿಗೆ ಬ್ರಿಕ್, ನೆಲಕ್ಕೆ ಟೆರಾಕೋಟಾ. ಎರಡಕ್ಕೂ ಮೂಲ ಒಂದೇ, ಕೆರೆ-ಹೊಳೆಯ ತಳದಲ್ಲಿ ಸಿಗುವ ಬೂದು ಬಣ್ಣದ ಕ್ಲೇ.

ಒಂದು ಕ್ಲೇ ಬ್ಲಾಕ್ ಒಡೆದರೆ 4 ಕ್ಲೇ ಉಂಡೆ. ಒಂದು ಉಂಡೆ ಬೇಯಿಸಿದರೆ ಒಂದು ಇಟ್ಟಿಗೆ, 4 ಇಟ್ಟಿಗೆ ಸೇರಿ ಒಂದು ಬ್ರಿಕ್ ಬ್ಲಾಕ್. ಈಗ ಸ್ಟೋನ್‌ಕಟರ್ ಇದ್ದವರಿಗೂ ಇಲ್ಲದವರಿಗೂ ಇರುವ ವ್ಯತ್ಯಾಸ ನೋಡಿ. ಕ್ರಾಫ್ಟಿಂಗ್ ಟೇಬಲಿನಲ್ಲಿ 6 ಬ್ಲಾಕಿಗೆ 4 ಸ್ಟೇರ್. 240 ಸ್ಟೇರಿಗೆ 360 ಬ್ಲಾಕ್. ಸ್ಟೋನ್‌ಕಟರಿನಲ್ಲಿ ಒಂದಕ್ಕೆ ಒಂದು, 240 ಸಾಕು. 120 ಬ್ಲಾಕ್, ಅಂದರೆ 480 ಇಟ್ಟಿಗೆ ಉಳಿಯಿತು. ಸ್ಟೋನ್‌ಕಟರಿಗೆ ಬೇಕಾದದ್ದು 1 ಕಬ್ಬಿಣದ ಇಂಗಾಟ್, 3 ಸ್ಟೋನ್, ಅಷ್ಟೇ. ಇಲ್ಲಿ ಹೇಳಿದ್ದು ಸ್ಟೋನ್, ಕಾಬಲ್‌ಸ್ಟೋನ್ ಅಲ್ಲ; ಕಾಬಲ್ ಇಟ್ಟು ‘ರೆಸಿಪಿ ಬರ್ತಿಲ್ಲ’ ಎನ್ನುವವರೇ ಜಾಸ್ತಿ. ಕಾಬಲನ್ನು ಫರ್ನೇಸಿನಲ್ಲಿ ಒಮ್ಮೆ ಕಾಯಿಸಿ ಸ್ಟೋನ್ ಮಾಡಿಕೊಳ್ಳಿ. ಸ್ಲ್ಯಾಬ್ ಎರಡೂ ಕಡೆ ಒಂದೇ ದರ, ಬ್ಲಾಕಿಗೆ ಎರಡು. ಮರ ಸ್ಟೋನ್‌ಕಟರಿನಲ್ಲಿ ಕೊಯ್ಯಲು ಬರುವುದಿಲ್ಲ.

ಸ್ಟೋನ್‌ಕಟರ್ ಲೆಕ್ಕದಲ್ಲಿ ಮಾಡಿಗೆ 240+20=260 ಬ್ರಿಕ್ ಬ್ಲಾಕ್, 1040 ಇಟ್ಟಿಗೆ. ಫರ್ನೇಸ್ ಒಂದು ವಸ್ತು ಬೇಯಿಸಲು 10 ಸೆಕೆಂಡ್ ತೆಗೆದುಕೊಳ್ಳುತ್ತದೆ. ಒಂದೇ ಫರ್ನೇಸ್ ಇಟ್ಟುಕೊಂಡು ಕೂತರೆ 10,400 ಸೆಕೆಂಡ್, ಹತ್ತಿರ ಹತ್ತಿರ ಮೂರು ಗಂಟೆ. ಎಂಟು ಫರ್ನೇಸ್ ಸಾಲಾಗಿ ಇಡಿ, 22 ನಿಮಿಷದಲ್ಲಿ ಮುಗಿಯುತ್ತದೆ. ಎಂಟಕ್ಕೆ ಬೇಕಾದದ್ದು 64 ಕಾಬಲ್‌ಸ್ಟೋನ್, ಒಂದು ಸ್ಟ್ಯಾಕ್. ಇದ್ದಿಲು ಒಂದಕ್ಕೆ 8 ಬೇಯುತ್ತವೆ, ಆದ್ದರಿಂದ 130 ಕಲ್ಲಿದ್ದಲು ಅಥವಾ ಅಷ್ಟೇ ಮರದ ಇದ್ದಿಲು.

ಇಲ್ಲಿ ಎಡವುವ ಜಾಗ ಮೂರಿವೆ. ಬೇಗ ಆಗಲಿ ಎಂದು ಬ್ಲಾಸ್ಟ್ ಫರ್ನೇಸ್ ಕಟ್ಟುತ್ತಾರೆ. ಅದು ಅದಿರು ಮತ್ತು ಲೋಹದ ಸಾಮಾನಿಗೆ ಮಾತ್ರ, ಕ್ಲೇಯನ್ನು ಒಳಗೇ ಬಿಡುವುದಿಲ್ಲ. ಎರಡನೆಯದು, ಹೊರಬರುವ ಇಟ್ಟಿಗೆಯ ಜಾಗದಲ್ಲಿ 64 ತುಂಬಿದರೆ ಫರ್ನೇಸ್ ನಿಂತುಬಿಡುತ್ತದೆ, ಹಾಗಾಗಿ ಸುಮಾರು ಹತ್ತು ನಿಮಿಷಕ್ಕೊಮ್ಮೆ ಬಂದು ಖಾಲಿ ಮಾಡಬೇಕು, ಇಲ್ಲವೇ ಕೆಳಗೆ ಹಾಪರ್ ಮತ್ತು ಚೆಸ್ಟ್ ಇಡಬೇಕು. ಮೂರನೆಯದು, ಎಂಟೂ ಫರ್ನೇಸ್ ಹೊತ್ತಿಸಿ ದೂರದ ಗುಡ್ಡಕ್ಕೆ ಹೋಗಿಬಿಟ್ಟರೆ ಆ ಚಂಕ್ (ಆಟದ ನೆಲದ ಒಂದು ತುಂಡು) ಅನ್‌ಲೋಡ್ ಆಗಿ ಬೇಯುವುದು ಅಲ್ಲಿಗೇ ನಿಲ್ಲುತ್ತದೆ. ಆ ಹೊತ್ತಿನಲ್ಲಿ ನೆಲಗಟ್ಟಿನ ಕೆಲಸ ಹಚ್ಚಿಕೊಂಡರೆ ಹತ್ತಿರದಲ್ಲೇ ಇದ್ದಂತಾಯಿತು.

ಊರು ಹತ್ತಿರವಿದ್ದರೆ ಇನ್ನೊಂದು ದಾರಿಯಿದೆ. ಕೆಲಸವಿಲ್ಲದ ವಿಲೇಜರ್ ಎದುರು ಸ್ಟೋನ್‌ಕಟರ್ ಇಟ್ಟರೆ ಅವನು ಮೇಸನ್ ಆಗುತ್ತಾನೆ. ಮೊದಲ ಮಟ್ಟದಲ್ಲೇ 10 ಕ್ಲೇ ಉಂಡೆಗೆ 1 ಎಮರಾಲ್ಡ್ ಕೊಡುತ್ತಾನೆ, 1 ಎಮರಾಲ್ಡಿಗೆ 10 ಇಟ್ಟಿಗೆ ಮಾರುತ್ತಾನೆ. ಹತ್ತು ಹಸಿ ಉಂಡೆ ಕೊಟ್ಟು ಹತ್ತು ಸುಟ್ಟ ಇಟ್ಟಿಗೆ ತಂದಂತೆ, ಇದ್ದಿಲಿನ ಖರ್ಚೇ ಇಲ್ಲ. ಒಂದಷ್ಟು ಸಲದ ನಂತರ ವ್ಯಾಪಾರ ಮುಚ್ಚಿ, ಅವನು ಮತ್ತೆ ಸ್ಟೋನ್‌ಕಟರ್ ಬಳಿ ಕೆಲಸ ಮಾಡಿದ ಮೇಲೆ ತೆರೆಯುತ್ತದೆ. ಪೂರ್ತಿ ಮಾಡಿಗೆ ಒಬ್ಬನೇ ಸಾಲುವುದಿಲ್ಲ.

ಉಳಿದ ಸಾಮಾನು ಸುಲಭ. ಕಂಬ, ತೊಲೆ, ಹೊರಮೂಲೆಗಳಿಗೆ ಡಾರ್ಕ್ ಓಕ್ ದಿಮ್ಮಿ: ಎಂಟು ಕಂಬಕ್ಕೆ 24, ತೊಲೆಗೆ 24, ನಾಲ್ಕು ಮೂಲೆಗೆ 16. ಕೂಡಿದರೆ ಸರಿಯಾಗಿ 64, ಒಂದು ಸ್ಟ್ಯಾಕ್. ನೆಲಕ್ಕೆ 120 ಟೆರಾಕೋಟಾ. ಬ್ಲಾಕನ್ನು ಇಡಿಯಾಗಿಯೇ ತೆಗೆಯುವ ಸಿಲ್ಕ್ ಟಚ್ ಸಲಿಕೆ ಇಲ್ಲದಿದ್ದರೆ ಒಡೆದ ಉಂಡೆಗಳನ್ನು ನಾಲ್ಕು ನಾಲ್ಕು ಸೇರಿಸಿ ಮತ್ತೆ ಬ್ಲಾಕ್ ಮಾಡಿ ಬೇಯಿಸಬೇಕು. ಕೆಂಪು ರೆಡ್ ಆಕ್ಸೈಡ್ ನೆಲದ ಬಣ್ಣ ಬೇಕಿದ್ದರೆ 8 ಟೆರಾಕೋಟಾಕ್ಕೆ 1 ಕೆಂಪು ಡೈ, ಒಟ್ಟು 15 ಪಾಪಿ ಹೂವು. ನೆಲಗಟ್ಟಿನ ಅಂಚು 56, ಕಂಬಸಾಲಿನ ಅಡಿ 24, ತೊಟ್ಟಿಯ ತಳ 25, ಜಗಲಿ 16: ಹೀಗೆ 121 ಸ್ಟೋನ್ ಬ್ರಿಕ್. ಕಿಟಕಿಗೆ 16 ಫೆನ್ಸ್, ಎರಡು ಬಾಗಿಲು. ಬಾಗಿಲು 6 ಹಲಗೆಗೆ ಮೂರು ಬರುತ್ತವೆ, ಮೂರನೆಯದನ್ನು ಎತ್ತಿಡಿ.

ಗೋಡೆಗೆ 232 ಬಿಳಿ ಕಾಂಕ್ರೀಟ್. 4 ಮರಳು, 4 ಜಲ್ಲಿ, 1 ಬಿಳಿ ಡೈ ಸೇರಿದರೆ 8 ಕಾಂಕ್ರೀಟ್ ಪೌಡರ್. 29 ಸಲ ಮಾಡಿದರೆ ಸರಿಯಾಗಿ 232. ಅದಕ್ಕೆ 116 ಮರಳು, 116 ಜಲ್ಲಿ, 10 ಎಲುಬು. ಎಲುಬೊಂದಕ್ಕೆ 3 ಬೋನ್‌ಮೀಲ್, ಬೋನ್‌ಮೀಲೊಂದಕ್ಕೆ 1 ಬಿಳಿ ಡೈ. ಬರೀ ಬಿಳಿ ಕಾಂಕ್ರೀಟಿನ ಗೋಡೆ ಸುಣ್ಣ ಹೊಡೆದ ಗೋಡೆಯಂತೆ ಕಾಣದೆ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ ಎನ್ನುವವರು ನಾಲ್ಕರಲ್ಲೊಂದು ಬ್ಲಾಕನ್ನು ಕ್ಯಾಲ್ಸೈಟ್ ಮಾಡಬಹುದು. ಮಣ್ಣಿನ ಗೋಡೆಯೇ ಬೇಕಿದ್ದರೆ 1.19ರಲ್ಲಿ ಬಂದ ಪ್ಯಾಕ್ಡ್ ಮಡ್ ಇದೆ: ಮಣ್ಣಿನ ಬ್ಲಾಕ್ ಮೇಲೆ ನೀರಿನ ಬಾಟಲ್ ಸುರಿದರೆ ಕೆಸರು, ಕೆಸರಿಗೆ ಒಂದು ಗೋಧಿ ಸೇರಿಸಿದರೆ ಪ್ಯಾಕ್ಡ್ ಮಡ್. ನೋಡಲು ಇದೇ ಚೆಂದ, ಆದರೆ 232 ಸಲ ಬಾಟಲ್ ತುಂಬಿ ಸುರಿಯುವ ತಾಳ್ಮೆ ಇರಬೇಕು.

ನೆಲಗಟ್ಟು, ಗೋಡೆ

ಸುತ್ತ ಮೂರು ಬ್ಲಾಕ್ ಬಿಟ್ಟು 21×21 ಜಾಗ ಸಮತಟ್ಟು ಮಾಡಿ. 15×15ರ ನಾಲ್ಕು ಮೂಲೆಗೆ ಟಾರ್ಚ್ ಊರಿ, ಪ್ರತಿ ಬದಿಯ ನಡುಬ್ಲಾಕನ್ನು ಗುರುತಿಸಿ. ನಡುಬ್ಲಾಕಿನಿಂದ ಎರಡೂ ಮೂಲೆಗೆ 7, 7 ಬರಲೇಬೇಕು. ಒಂದು ಕಡೆ 6 ಬಂದರೆ ಅಲ್ಲೇ ಸರಿಪಡಿಸಿ. ಈ ತಪ್ಪು ಗೋಡೆಯಲ್ಲಿ ಕಾಣುವುದಿಲ್ಲ, ಮಾಡಿನ ಮೂಲೆಗೆ ಬಂದಾಗಲೇ ಗೊತ್ತಾಗುವುದು.

ನೆಲಗಟ್ಟು ಹೊರಗಿನ ನೆಲಕ್ಕಿಂತ ಒಂದು ಬ್ಲಾಕ್ ಎತ್ತರ. ಹೊರ ಸುತ್ತಿಗೆ ಸ್ಟೋನ್ ಬ್ರಿಕ್, ಒಳಗೆ ಮೂರು ಸುತ್ತು ಟೆರಾಕೋಟಾ, ಮತ್ತೆ 7ರ ಸುತ್ತಿಗೆ ಸ್ಟೋನ್ ಬ್ರಿಕ್. ನಡುವಿನ 5×5 ತಗ್ಗಿನಲ್ಲೇ ಉಳಿಯುತ್ತದೆ, ಅದೇ ತೊಟ್ಟಿ. ಅದರ ತಳದ ಹುಲ್ಲು ತೆಗೆದು ಕಲ್ಲು ಹಾಸಿ. ತೊಟ್ಟಿಯಿಂದ ಮೇಲೆ ಬರಲು ಎದುರುಬದುರು ಎರಡು ಸ್ಟೇರ್ ಇಟ್ಟರೆ ಪ್ರತಿ ಸಲ ನೆಗೆಯಬೇಕಾಗಿಲ್ಲ. ಮುಂಭಾಗದಲ್ಲಿ ನೆಲಗಟ್ಟಿಗೆ ತಾಗಿ 17 ಉದ್ದದ ಒಂದು ಸಾಲು ಜಗಲಿ. ನಡುವಿನ ಬ್ಲಾಕಿನ ಬದಲು ಒಂದು ಸ್ಟೇರ್ ಇಟ್ಟರೆ ಬಾಗಿಲಿಗೆ ಮೆಟ್ಟಿಲಾಯಿತು. ಹೊರಸೂರು ಸರಿಯಾಗಿ ಈ ಜಗಲಿಯ ಮೇಲೆಯೇ ಬರುತ್ತದೆ.

ಕಂಬಗಳು 7ರ ಸುತ್ತಿನ ನಾಲ್ಕು ಮೂಲೆ ಮತ್ತು ನಾಲ್ಕು ನಡುಬ್ಲಾಕುಗಳ ಮೇಲೆ, 3 ವರಸೆ ಎತ್ತರ. 4ನೇ ವರಸೆಯಲ್ಲಿ ಸುತ್ತಲೂ ತೊಲೆ. ದಿಮ್ಮಿ ನಿಂತಿರಬೇಕೋ ಮಲಗಿರಬೇಕೋ ಎಂಬುದು ನೀವು ಯಾವ ಮುಖಕ್ಕೆ ಕ್ಲಿಕ್ ಮಾಡುತ್ತೀರಿ ಎಂಬುದರ ಮೇಲಿದೆ. ಕಂಬದ ತಲೆಯ ಮೇಲೆ ಇಟ್ಟರೆ ನಿಲ್ಲುತ್ತದೆ. ಪಕ್ಕದ ದಿಮ್ಮಿಯ ಬದಿಗೆ ಇಟ್ಟರೆ ಮಲಗುತ್ತದೆ. ಆದ್ದರಿಂದ ಪ್ರತಿ ಬದಿಯಲ್ಲಿ ಮೂಲೆಯಿಂದ ಶುರು ಮಾಡಿ ಒಂದರ ಬದಿಗೆ ಒಂದು ಪೋಣಿಸುತ್ತಾ ಹೋಗಿ.

ಗೋಡೆಗೆ ಬರೋಣ. ಕಾಂಕ್ರೀಟ್ ಪೌಡರನ್ನು ಹಾಗೆಯೇ ಗೋಡೆಯಾಗಿ ಜೋಡಿಸಿ ಮೇಲಿಂದ ನೀರು ಹಾಯಿಸಿದರೆ ಗಟ್ಟಿಯಾಗುತ್ತದೆ ನಿಜ, ಆದರೆ ಪೌಡರ್ ಮರಳಿನಂತೆ ಬೀಳುವ ಜಾತಿ. ಬಾಗಿಲು, ಕಿಟಕಿಗಳ ಮೇಲೆ ಇಟ್ಟದ್ದೆಲ್ಲ ಕೆಳಕ್ಕೆ ಜಾರುತ್ತದೆ, ಹರಿದ ನೀರು ಟಾರ್ಚುಗಳನ್ನು ಕಿತ್ತು ಹಾಕುತ್ತದೆ. ಮೊದಲೇ ಗಟ್ಟಿ ಮಾಡಿಕೊಳ್ಳುವುದು ವಾಸಿ: ನೀರಿನ ಪಕ್ಕದಲ್ಲಿ ನಿಂತು ಪೌಡರ್ ಇಡಿ, ತಾಗಿದ ಕೂಡಲೇ ಗಟ್ಟಿಯಾಗುತ್ತದೆ, ಗುದ್ದಲಿಯಿಂದ ತೆಗೆಯಿರಿ. ಸಲಿಕೆಯಿಂದ ತೆಗೆಯಲು ಹೋಗಬೇಡಿ, ಗಟ್ಟಿಯಾದ ಕಾಂಕ್ರೀಟ್ ಗುದ್ದಲಿಯಿಲ್ಲದೆ ಒಡೆದರೆ ಕೈಗೆ ಬರುವುದಿಲ್ಲ.

ಹೊರಗೋಡೆ 56×4=224 ಜಾಗ. ಅದರಲ್ಲಿ ಮೂಲೆಯ ದಿಮ್ಮಿ 16, ಬಾಗಿಲು 2, ಕಿಟಕಿ 16 ಕಳೆದರೆ 190 ಕಾಂಕ್ರೀಟ್. ಕಿಟಕಿಗಳು ಪ್ರತಿ ಬದಿಗೆ ಎರಡು, ಒಂದು ಬ್ಲಾಕ್ ಅಗಲ, 2 ಮತ್ತು 3ನೇ ವರಸೆ. ಮೂಲೆಯಿಂದ ಎಣಿಸಿ ನಾಲ್ಕನೆಯ ಬ್ಲಾಕ್. ಗಾಜಿನ ಬದಲು ಫೆನ್ಸ್ ಇಟ್ಟರೆ ಹಳೆ ಮನೆಗಳ ಮರದ ಸರಳಿನ ಕಿಟಕಿಯ ಕಳೆ ಬರುತ್ತದೆ, ಮರಿ ಜಾಂಬಿಯೂ ನುಸುಳುವುದಿಲ್ಲ. ಬಾಗಿಲನ್ನು ಒಳಗೆ ನಿಂತು ಇಡಿ. ಬಾಗಿಲು ಯಾವಾಗಲೂ ನಿಮ್ಮ ಕಡೆಯ ಅಂಚಿಗೆ ಕೂರುತ್ತದೆ. ಒಳಗಿನಿಂದ ಇಟ್ಟರೆ ಹೊರಗೆ ಗೋಡೆಯ ದಪ್ಪ ಕಂಡು ಹೊಸ್ತಿಲಿಗೆ ಆಳ ಬರುತ್ತದೆ.

ಹಿಂಭಾಗದ ಪಟ್ಟಿಯನ್ನು ಕೋಣೆ ಮಾಡಲು ಹಿಂಗಂಬಗಳ ಸಾಲಿನಲ್ಲಿ ಗೋಡೆ ಎಬ್ಬಿಸಿ. ಎಡ ಬಲದ ಮೂರು ಮೂರು ಬ್ಲಾಕಿನ ಅಡ್ಡಗೋಡೆ ಮಾಡಿನ ಇಳಿಜಾರಿಗೆ ತಕ್ಕಂತೆ 5, 6, 5 ಎತ್ತರ ಬರುತ್ತದೆ, ಒಂದಕ್ಕೆ 16. ಕಂಬಗಳ ನಡುವೆ ಬಾಗಿಲು ಬಿಟ್ಟು 10. ಒಟ್ಟು 42. ಹೊರಗೋಡೆಯ 190 ಸೇರಿ ಆ 232.

ಮಾಡು

ಸ್ಟೇರ್ ಇಡುವಾಗ ಎರಡು ನಿಯಮ ತಿಳಿದಿರಬೇಕು. ದಿಕ್ಕು ನಿರ್ಧಾರವಾಗುವುದು ನೀವು ನೋಡುತ್ತಿರುವ ಕಡೆಯಿಂದ: ಎತ್ತರದ ಬೆನ್ನು ನಿಮ್ಮಿಂದ ಆಚೆಗೆ, ತಗ್ಗು ಭಾಗ ನಿಮ್ಮ ಕಡೆಗೆ. ನೆಟ್ಟಗೋ ತಲೆಕೆಳಗೋ ಎಂಬುದು ಕ್ಲಿಕ್ ಮಾಡಿದ ಜಾಗದಿಂದ: ಪಕ್ಕದ ಬ್ಲಾಕಿನ ಬದಿಯಲ್ಲಿ ಕೆಳ ಅರ್ಧಕ್ಕೆ ಕ್ಲಿಕ್ ಮಾಡಿದರೆ ನೆಟ್ಟಗೆ, ಮೇಲಿನ ಅರ್ಧಕ್ಕೆ ಮಾಡಿದರೆ ತಲೆಕೆಳಗು.

ಹೊರಸೂರಿನ 64 ನೆಲದ ಮೇಲೆ ನಿಂತೇ ಇಡಬಹುದು. ಗೋಡೆಯ 4ನೇ ವರಸೆಯ ಬದಿಗೆ, ಮನೆಯ ಕಡೆ ಮುಖ ಮಾಡಿ ಇಡಬೇಕು. ಕೆಳಗಿನಿಂದ ತಲೆಯೆತ್ತಿ ನೋಡುವಾಗ ಗುರಿ ತಾನಾಗಿ ಬ್ಲಾಕಿನ ಮೇಲಂಚಿಗೆ ಹೋಗುತ್ತದೆ, ಸ್ಟೇರ್ ತಲೆಕೆಳಗಾಗಿ ಕೂರುತ್ತದೆ. ಗುರಿಯನ್ನು ಬ್ಲಾಕಿನ ಕೆಳ ಅಂಚಿನ ಹತ್ತಿರಕ್ಕೆ ತನ್ನಿ. ಒಳಸೂರಿನ 16 ತೊಟ್ಟಿಯಲ್ಲಿ ನಿಂತು, ತೊಲೆಯ ಬದಿಗೆ, ಹೊರಕ್ಕೆ ಮುಖ ಮಾಡಿ.

15ರ ಸುತ್ತು ಗೋಡೆಯ ತಲೆಯ ಮೇಲೆ, 7ರ ಸುತ್ತು ತೊಲೆಯ ಮೇಲೆ, ಇವಕ್ಕೂ ಕಷ್ಟವಿಲ್ಲ. ಮೇಲೆ ಓಡಾಡಲು ಸ್ಕ್ಯಾಫೋಲ್ಡಿಂಗ್ ಹಾಕಿ: 6 ಬಿದಿರು, 1 ದಾರಕ್ಕೆ 6 ಬರುತ್ತವೆ, ಕೊನೆಯಲ್ಲಿ ಬುಡದ್ದನ್ನು ಒಡೆದರೆ ಮೇಲಿನದೆಲ್ಲ ಉದುರುತ್ತದೆ. ಬಿದಿರು ಸಿಗದಿದ್ದರೆ ಏಣಿ. ಅಂಚಿನಲ್ಲಿ ಕೆಲಸ ಮಾಡುವಾಗ ಸ್ನೀಕ್ ಒತ್ತಿಯೇ ಇರಿ.

ಮೂರನೆಯ ಸಾಲಿನಲ್ಲಿ ಕೆಲಸ ಸಿಕ್ಕಿಹಾಕಿಕೊಳ್ಳುತ್ತದೆ. 13ರ ಸುತ್ತು 6ನೇ ವರಸೆಯಲ್ಲಿ ಬರಬೇಕು. ಅದರ ಕೆಳಗೂ ಪಕ್ಕದಲ್ಲೂ ಗಾಳಿ. 15ರ ಸುತ್ತಿನ ಸ್ಟೇರಿಗೆ ಅದು ಓರೆಯಾಗಿ ತಾಗುತ್ತದೆಯೇ ಹೊರತು ಮುಖಕ್ಕೆ ಮುಖ ತಾಗುವುದಿಲ್ಲ, ಕ್ಲಿಕ್ ಮಾಡಲು ಜಾಗವೇ ಇರುವುದಿಲ್ಲ. ಕೆಲವರು ಒಂದೇ ಒಂದು ಮಣ್ಣಿನ ಬ್ಲಾಕ್ ಆಸರೆ ಇಟ್ಟು ಮೊದಲ ಸ್ಟೇರ್ ಕೂರಿಸಿ, ಉಳಿದದ್ದನ್ನು ಒಂದರ ಬದಿಗೆ ಒಂದು ಇಡುತ್ತಾ ಹೋಗುತ್ತಾರೆ. ಆಗ ಸಾಲಿನ ಉದ್ದಕ್ಕೆ ನೋಡುತ್ತಾ ಕ್ಲಿಕ್ ಮಾಡಿಬಿಡುತ್ತಾರೆ, ಸ್ಟೇರ್ ಅಡ್ಡಕ್ಕೆ ತಿರುಗಿ ಕೂರುತ್ತದೆ, ಅದರ ಪಕ್ಕದ್ದು ತನ್ನಷ್ಟಕ್ಕೆ ಮೂಲೆಯ ಆಕಾರ ತಾಳುತ್ತದೆ, ಇಡೀ ಸಾಲು ಹಲ್ಲು ಮುರಿದ ಬಾಚಣಿಗೆಯಾಗುತ್ತದೆ.

ನಿಧಾನವಾದರೂ ತಪ್ಪಿಲ್ಲದ ದಾರಿ: ಸುತ್ತು ಪೂರ್ತಿಗೆ ಮಣ್ಣಿನ ಆಸರೆ. ಒಳಗಿನಿಂದ, 15ರ ಸುತ್ತಿನ ಸ್ಟೇರುಗಳ ಬೆನ್ನಿಗೆ ತಾಗಿಸಿ 5ನೇ ವರಸೆಯಲ್ಲಿ 48 ಮಣ್ಣು. ಅದರ ಮೇಲ್ಮುಖಕ್ಕೆ ಕ್ಲಿಕ್ ಮಾಡಿದರೆ ಸ್ಟೇರ್ ಯಾವಾಗಲೂ ನೆಟ್ಟಗೇ ಕೂರುತ್ತದೆ, ದಿಕ್ಕಿನ ಕಡೆ ಗಮನ ಕೊಟ್ಟರೆ ಸಾಕು. ಹಾಗೆಯೇ ನೆತ್ತಿಯ ಕೆಳಗೆ 6ನೇ ವರಸೆಯಲ್ಲಿ 40, ಒಳಗಿನ 9ರ ಸುತ್ತಿನ ಕೆಳಗೆ 5ನೇ ವರಸೆಯಲ್ಲಿ 32. ಒಟ್ಟು 120 ಮಣ್ಣು, ಎರಡು ಸ್ಟ್ಯಾಕಿಗೆ ಕಡಿಮೆ. ಮಾಡು ಮುಗಿದ ಮೇಲೆ ಕೆಳಗಿನಿಂದ ಸಲಿಕೆ ಹಾಕಿ ತೆಗೆಯಿರಿ. ಮಾಡು ಬೀಳುವುದಿಲ್ಲ, ಮರಳು, ಜಲ್ಲಿ, ಕಾಂಕ್ರೀಟ್ ಪೌಡರ್‌ನಂಥ ಕೆಲವನ್ನು ಬಿಟ್ಟರೆ ಇಲ್ಲಿನ ಬ್ಲಾಕುಗಳಿಗೆ ಆಸರೆಯ ಹಂಗಿಲ್ಲ.

ಮೂಲೆಗಳನ್ನು ಕೊನೆಗೆ ಇಡಿ. ಎರಡು ಬದಿಯ ನೇರ ಸಾಲು ಮುಗಿಸಿ ಮೂಲೆಯ ಒಂದು ಜಾಗ ಖಾಲಿ ಬಿಟ್ಟು, ಆಮೇಲೆ ಅದರಲ್ಲಿ ಸ್ಟೇರ್ ಇಟ್ಟರೆ ಆಟವೇ ಆಕಾರ ಹೊಂದಿಸುತ್ತದೆ. ಹೊರಮೂಲೆಯಲ್ಲಿ ಕಾಲು ಭಾಗ ಮಾತ್ರ ಎತ್ತರ ಉಳಿದ ಏಣು ಬರುತ್ತದೆ, ತೊಟ್ಟಿಯ ಕಡೆ ಎರಡು ಇಳಿಜಾರು ಕೂಡುವಲ್ಲಿ ಮುಕ್ಕಾಲು ಭಾಗ ಎತ್ತರದ ಕಣಿವೆ ಬರುತ್ತದೆ. ಹೊರಮೂಲೆಗೆ ಮನೆಯ ಕಡೆ ಮುಖ ಮಾಡಿರಬೇಕು, ಎರಡು ದಿಕ್ಕಿನಲ್ಲಿ ಯಾವುದಾದರೂ ಸರಿ. ಕಣಿವೆಗೆ ತೊಟ್ಟಿಯ ಕಡೆಯಿಂದ ನೆತ್ತಿಯತ್ತ. ಮೂಲೆ ಕೂಡದೆ ಹೋದರೆ ಪಕ್ಕದ ಎರಡರಲ್ಲಿ ಒಂದು ತಲೆಕೆಳಗಾಗಿದೆಯೋ ನೋಡಿ. ನೆಟ್ಟಗಿನದೂ ತಲೆಕೆಳಗಿನದೂ ಎಂದೂ ಬೆಸೆದುಕೊಳ್ಳುವುದಿಲ್ಲ. ಬ್ರಿಕ್ ಪಕ್ಕ ಮರದ ಸ್ಟೇರ್ ಇದ್ದರೂ ಬೆಸೆಯುತ್ತದೆ, ಅದಕ್ಕೆ ತೊಂದರೆಯಿಲ್ಲ.

ನೆತ್ತಿಗೆ ಪೂರ್ತಿ ಬ್ಲಾಕ್ ಬೇಡ, ಸ್ಲ್ಯಾಬೇ ಇರಲಿ. ಕಾರಣ ಅಂದ ಮಾತ್ರವಲ್ಲ. ನೆಟ್ಟಗಿನ ಸ್ಟೇರ್ ಮೇಲಾಗಲಿ, ಕೆಳ ಅರ್ಧದಲ್ಲಿ ಕೂತ ಸ್ಲ್ಯಾಬ್ ಮೇಲಾಗಲಿ ರಾತ್ರಿ ಜಾಂಬಿ, ಕ್ರೀಪರ್‌ಗಳು ಹುಟ್ಟುವುದಿಲ್ಲ. ನೆತ್ತಿಗೆ 40 ಪೂರ್ತಿ ಬ್ಲಾಕ್ ಇಟ್ಟರೆ ಆ 40 ಜಾಗದಲ್ಲೂ ಹುಟ್ಟಬಹುದು, ಹುಟ್ಟಿದ್ದು ಕಿಂಡಿಯಿಂದ ನೇರ ತೊಟ್ಟಿಗೆ ಬೀಳುತ್ತದೆ. ಸ್ಲ್ಯಾಬನ್ನು ಪಕ್ಕದ ಬ್ಲಾಕಿನ ಮೇಲರ್ಧಕ್ಕೆ ಕ್ಲಿಕ್ ಮಾಡಿ ಇಟ್ಟರೆ ಅದು ಮೇಲಕ್ಕೆ ಅಂಟಿ ಕೂರುತ್ತದೆ, ಆಗ ಪೂರ್ತಿ ಬ್ಲಾಕಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಮಣ್ಣಿನ ತಲೆಗೇ ಕ್ಲಿಕ್ ಮಾಡಿ ಇಡಿ.

ಸ್ಟೇರಿನ ಮಾಡು 45 ಡಿಗ್ರಿ ಏರುತ್ತದೆ. ನಿಜವಾದ ಹಂಚಿನ ಮಾಡು ಇಷ್ಟು ಕಡಿದಾಗಿರುವುದಿಲ್ಲ ಎನ್ನುವವರಿಗೆ ಬರೀ ಸ್ಲ್ಯಾಬಿನ ಮಾಡು ಇದೆ: ಪ್ರತಿ ಸಾಲಿಗೆ ಅರ್ಧ ಬ್ಲಾಕ್ ಏರಿಕೆ, ಸುಮಾರು 27 ಡಿಗ್ರಿ. 280 ಸ್ಲ್ಯಾಬಿಗೆ 140 ಬ್ರಿಕ್ ಬ್ಲಾಕ್ ಸಾಕು, ಖರ್ಚು ಹೆಚ್ಚುಕಡಿಮೆ ಅರ್ಧ. ಆದರೆ ಅದರಲ್ಲಿ ಒಂದು ಬಿಟ್ಟು ಒಂದು ಸಾಲು ಮೇಲರ್ಧದ ಸ್ಲ್ಯಾಬ್ ಆಗಿ, ಮಾಡಿನ ಮೇಲೂ ಟಾರ್ಚ್ ಇಡಬೇಕಾಗುತ್ತದೆ. ಹಂಚಿನ ನಡುವೆ ಟಾರ್ಚ್ ಚುಚ್ಚಿದ ಮನೆಗಿಂತ ಸ್ವಲ್ಪ ಕಡಿದಾದ ಮಾಡೇ ಮೇಲು.

ಬೆಳಕು, ಜೇಡ, ಬೆಂಕಿ

1.18ರಿಂದ ಬ್ಲಾಕ್ ಲೈಟ್ ಸೊನ್ನೆ ಇದ್ದ ಕಡೆ ಮಾತ್ರ ದುಷ್ಟ ಮಾಬ್‌ಗಳು (ಜಾಂಬಿ, ಕ್ರೀಪರ್‌ನಂಥ ಜೀವಿಗಳು) ಹುಟ್ಟುತ್ತವೆ. ಮೊದಲು 7ರವರೆಗೂ ಹುಟ್ಟುತ್ತಿದ್ದವು. ಟಾರ್ಚಿನ ಬೆಳಕು 14, ಪ್ರತಿ ಬ್ಲಾಕಿಗೆ ಒಂದು ಇಳಿಯುತ್ತದೆ, ಓರೆಯಾಗಿ ಹೋದರೆ ಎರಡು. ಒಳಗೆ ನಾಲ್ಕು ಮೂಲೆಗೊಂದು, ತೊಟ್ಟಿಯ ಕಂಬಗಳಿಗೆ ನಾಲ್ಕು ಟಾರ್ಚ್ ಇದ್ದರೆ ಕತ್ತಲೆ ಮೂಲೆ ಉಳಿಯುವುದಿಲ್ಲ. ಹಿಂದಿನ ಕೋಣೆಗೆ ನಡುವೆ ಇನ್ನೊಂದು. ಅಂಗಳದಲ್ಲಿ 12 ಬ್ಲಾಕಿಗೊಂದು ಚೌಕವಾಗಿ ಇಡಿ. ಜಾವಾದಲ್ಲಿ ಎಫ್ 3 ಒತ್ತಿ, ನಿಂತ ಜಾಗದ ಬ್ಲಾಕ್ ಲೈಟ್ ಅಂಕಿ ನೋಡಿದರೆ ಅನುಮಾನ ಪರಿಹಾರ.

ಜೇಡ ಗೋಡೆ ಹತ್ತುತ್ತದೆ, ಆದರೆ ಚಾಚಿದ ಸೂರು ದಾಟಲು ಅದಕ್ಕೆ ಆಗುವುದಿಲ್ಲ. ಮಳೆಗೆಂದು ನಮ್ಮವರು ಬಿಟ್ಟ ಸೂರು ಇಲ್ಲಿ ಜೇಡಕ್ಕೆ ತಡೆ. ಮಳೆಗೆ ಮಾತ್ರ ಈ ಆಟದಲ್ಲಿ ಸೂರು ಬೇಕಿಲ್ಲ: ಮಳೆ ನೇರ ಕೆಳಗೇ ಬೀಳುತ್ತದೆ, ಎರಚಲು ಎಂಬುದೇ ಇಲ್ಲ. ಸೂರಿನ ಲಾಭ ನಿಲ್ಲಬೇಕಾದರೆ ಮನೆಯ ಪಕ್ಕದ ಮರಗಳನ್ನು ಕಡಿದಿರಬೇಕು. ಕೊಂಬೆ ಮಾಡಿಗೆ ತಾಗಿದರೆ ಜೇಡಕ್ಕೆ ಅದೇ ದಾರಿ. ಗುಡ್ಡದ ಇಳಿಜಾರಿಗೆ ತಾಗಿಸಿ ಕಟ್ಟಿದವರಿಗೂ ಇದೇ ಮಾತು.

ತೊಟ್ಟಿಯಲ್ಲಿ ನೀರು ನಿಲ್ಲುವುದಿಲ್ಲ, ಹೊರಬಿಡಲು ತೂಬೂ ಬೇಕಿಲ್ಲ. ಆದರೆ 3×3 ಕಿಂಡಿಯ ನೇರ ಕೆಳಗೆ ಕಾಲ್ಡ್ರನ್ ಇಟ್ಟರೆ, 7 ಇಂಗಾಟಿನ ಈ ಹಂಡೆ ಮಳೆ ಬರುವಾಗ ನಿಧಾನವಾಗಿ ತುಂಬುತ್ತದೆ. ಒಳಸೂರಿನ ಕೆಳಗೆ ಇಟ್ಟರೆ ತುಂಬುವುದಿಲ್ಲ, ಒಂದು ಬ್ಲಾಕ್ ತಪ್ಪಿದರೂ ಅಷ್ಟೇ. ಮರಳುಗಾಡು, ಸವಾನಾಗಳಲ್ಲಿ ಮಳೆಯೇ ಇಲ್ಲ. ಹಿಮದ ಸೀಮೆಯಲ್ಲಿ ತೊಟ್ಟಿಯ ತುಂಬ ಹಿಮ ಕೂರುತ್ತದೆ. ನಟ್ಟನಡುವೆ ಒಂದು ಬ್ರಿಕ್ ಬ್ಲಾಕ್, ಅದರ ಮೇಲೆ 3 ಇಟ್ಟಿಗೆಯ ಹೂಕುಂಡ, ಕುಂಡದಲ್ಲಿ ಫರ್ನ್: ತುಳಸಿಕಟ್ಟೆ ಆಯಿತು.

ಅಡುಗೆ ಮನೆಗೆ ನೆದರ್‌ರ‍್ಯಾಕ್ ಮೇಲೆ ಬೆಂಕಿ ಹಚ್ಚುವ ಚಾಳಿ ಬಿಡಿ. ಬಿಚ್ಚು ಬೆಂಕಿ ತನ್ನ ಮೇಲೆ ನಾಲ್ಕು ಬ್ಲಾಕ್ ಎತ್ತರದಲ್ಲಿರುವ ಮರಕ್ಕೂ ಹತ್ತಬಲ್ಲದು. ನಿಮ್ಮ ತೊಲೆ ಇರುವುದು 4ನೇ ವರಸೆಯಲ್ಲಿ. ಕ್ಯಾಂಪ್‌ಫೈರ್ ಇಡಿ, ಅದರ ಬೆಂಕಿ ಹರಡುವುದಿಲ್ಲ. ಸಿಡಿಲಿಗೆ 3 ತಾಮ್ರದ ಇಂಗಾಟಿನ ಲೈಟ್ನಿಂಗ್ ರಾಡ್ ಒಂದನ್ನು ನೆತ್ತಿಯ ಮೇಲೆ ನಿಲ್ಲಿಸಿದರೆ ಜಾವಾದಲ್ಲಿ 128, ಬೆಡ್‌ರಾಕಿನಲ್ಲಿ 64 ಬ್ಲಾಕ್ ದೂರದೊಳಗಿನ ಸಿಡಿಲು ಅದಕ್ಕೇ ಬಡಿಯುತ್ತದೆ.

ಇನ್ನು ಕ್ರೀಪರ್. ಹೆಸರು ಕಾಂಕ್ರೀಟ್ ಎಂದು ನಂಬಿ ಕೂರಬೇಡಿ: ಸ್ಫೋಟ ತಡೆಯುವ ಅಂಕಿ ಕಾಂಕ್ರೀಟಿಗೆ 1.8, ದಿಮ್ಮಿಗೆ 2, ಬ್ರಿಕ್ ಮತ್ತು ಸ್ಟೋನ್ ಬ್ರಿಕ್‌ಗಳಿಗೆ 6. ಬಾಗಿಲ ಬಳಿ ಒಂದು ಸಿಡಿದರೆ ಮಾಡು, ನೆಲಗಟ್ಟು ಬಹುಮಟ್ಟಿಗೆ ಉಳಿದು ಗೋಡೆ ಹೋಗುತ್ತದೆ. ಮುಂಗೋಡೆಯ ಕೆಳಗಿನ ಎರಡು ವರಸೆಯನ್ನು ಕಲ್ಲಿನಲ್ಲೇ ಕಟ್ಟಿದರೆ ನಷ್ಟ ಕಡಿಮೆ, ನೋಟಕ್ಕೂ ಒಪ್ಪುತ್ತದೆ. ದುರಸ್ತಿಗೆಂದು ಒಂದು ಚೆಸ್ಟಿನಲ್ಲಿ 32 ಕಾಂಕ್ರೀಟ್, 16 ಬ್ರಿಕ್ ಸ್ಟೇರ್, ಆ ಮೂರನೆಯ ಬಾಗಿಲು ಇರಲಿ. ಸೂರಿನ ಸ್ಟೇರ್ ಒಂದು ಹೋದರೆ ಪಕ್ಕದವು ಆಕಾರ ಬದಲಿಸಿದಂತೆ ಕಂಡರೂ ಗಾಬರಿಯಾಗಿ ಕೀಳಬೇಡಿ. ಹೋದದ್ದನ್ನು ಅದೇ ದಿಕ್ಕಿಗೆ ಮರಳಿ ಇಟ್ಟ ಕೂಡಲೇ ಅವೂ ಮೊದಲಿನಂತಾಗುತ್ತವೆ.

ಅಳತೆ ಬದಲಿಸುವವರಿಗೆ

ಬೆಸವಾಗಿರಬೇಕಾದದ್ದು 5ರ ಪಟ್ಟಿಯೇ ಹೊರತು ಮನೆಯ ಒಟ್ಟು ಅಳತೆಯಲ್ಲ. ತೊಟ್ಟಿಯನ್ನು 6×6 ಮಾಡಿ ಮನೆಯನ್ನು 16×16ಕ್ಕೆ ಏರಿಸಿದರೆ ಮಾಡು ಹಾಗೆಯೇ ಕೂಡುತ್ತದೆ. ಪ್ರತಿ ಸುತ್ತಿಗೆ 4 ಹೆಚ್ಚಿ ಸ್ಟೇರ್ 264, ಸ್ಲ್ಯಾಬ್ 44, ಕಿಂಡಿ 4×4. ಆಗ ಪ್ರತಿ ಬದಿಯ ನಡು ಎರಡು ಬ್ಲಾಕಿಗೆ ಬರುವುದರಿಂದ ಎರಡು ಕದದ ಬಾಗಿಲು ಸರಿಯಾಗಿ ಮಧ್ಯದಲ್ಲಿ ಕೂರುತ್ತದೆ. ಎರಡನೆಯ ಕದವನ್ನು ಮೊದಲಿನದಕ್ಕೆ ತಾಗಿಸಿ ಇಟ್ಟರೆ ಕೀಲು ತಾನಾಗಿ ಎದುರು ಬದಿಗೆ ಹೋಗುತ್ತದೆ. ನಡುಗಂಬ ಮಾತ್ರ ಒಂದರ ಬದಲು ಎರಡಾಗಬೇಕು: ಬದಿಗೆರಡರಂತೆ 8, ಮೂಲೆಯ 4 ಸೇರಿ 12 ಕಂಬ. ಕಂಬಕ್ಕೆ 36 ದಿಮ್ಮಿ, ತೊಲೆಗೆ 28. ಮೂಲೆಯ 16 ಸೇರಿದರೆ 80. ಒಂದು ಸ್ಟ್ಯಾಕಿನಲ್ಲಿ ಮುಗಿಯುವುದಿಲ್ಲ. ಗೋಡೆ, ನೆಲಗಳ ಸಂಖ್ಯೆಯೂ ಇದೇ 4n−4ರಿಂದ ಬರುತ್ತದೆ. ಮನೆ ಉದ್ದವಾಗಬೇಕೆಂದರೆ, ಅಂದರೆ 15×21, ತೊಟ್ಟಿ 5×11 ಆಗುತ್ತದೆ, ಮಾಡಿನ ಪ್ರತಿ ಸುತ್ತಿಗೆ 12 ಹೆಚ್ಚು ಬೇಕಾಗುತ್ತದೆ, ಮೂಲೆಯ ಕೆಲಸ ಒಂದಿಷ್ಟೂ ಬದಲಾಗುವುದಿಲ್ಲ.